ಹಿಂದೆ ನೋಡುವ ಚಿಗರಿ

ಬೈಲಹೊಂಗಲ,
ಮಾಘ ಬಹುಳ ಪಂಚಮಿ, ಸನ್ ೧೯೦೮

ಪ್ರೀತಿಯ ತಂಗೆವ್ವಕ್ಕಾ,

ಹೇಗಿದ್ದೀ? ಪ್ರತಿ ಸಲ ಇದನ್ನು ರೂಢಿಗೆ ಬರೆಯುತ್ತಿದ್ದೆ. ಈ ಸಲ ನಿಜವಾಗಿ ಕೇಳುತ್ತಿದ್ದೇನೆ. ಊಟ ಸೇರುತ್ತದೆಯೋ, ಕೆಮ್ಮು ನಿಂತಿತೋ, ನೀರಿಗೆ ಹೊಳೆಯವರೆಗೆ ಈಗಲೂ ನೀನೊಬ್ಬಳೇ ಹೋಗುತ್ತೀಯೋ, ಎಲ್ಲವನ್ನೂ ನಿನ್ನ ಬಾಯಿಂದಲೇ ಕೇಳಬೇಕು. ಅವ್ವನ ಮೊಣಕಾಲು ನೋವು ಹಾಗೇ ಇದೆ. ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದಾನೆ. ಕಾರಣ ನಾನು ಸಾಲೆ ಬಿಟ್ಟದ್ದಲ್ಲ, ಈ ಕಾಗದ.

ಧಾರವಾಡದ ಸಾಲೆ ಬಿಟ್ಟು ಬಂದ ನನಗೆ ಅಲ್ಲಿನ ಚಿತ್ರದ ಮಾಸ್ತರರೊಬ್ಬರು ಒಂದು ಕೆಲಸ ಹೇಳಿದ್ದಾರೆ. ನಮ್ಮ ಕಡೆಯ ಸೀರೆಗಳ ಕಸೂತಿಯಲ್ಲಿರುವ ಆನೆ, ನವಿಲು, ಗಿಳಿ, ಬಸವಣ್ಣಗಳನ್ನು ನೋಡಿ ನೋಡಿ ಕಾಗದಕ್ಕೆ ಇಳಿಸುವುದು. ಒಂದೆಡೆ ಕೂರಲಾರದ ನನಗೆ ತಿರುಗುವ ಕೆಲಸ ಒಗ್ಗಿತು. ಕಿತ್ತೂರಿನ ಬಾವಿಕಟ್ಟೆಯಲ್ಲಿ ಒಣಹಾಕಿದ್ದ ಸೀರೆಯ ಆನೆಯನ್ನು ಬರೆಯುತ್ತಿದ್ದಾಗ ಒಬ್ಬಾಕೆ, "ಏನೋ ತಮ್ಮಾ, ಆನಿ ನೋಡಾಕ ಹತ್ತೀಯೋ, ಆನಿ ಉಡಾಕಿನ್ನ ನೋಡಾಕ ಹತ್ತೀಯೋ?" ಎಂದಳು. ಉಳಿದವರು ಕೊಡ ಕೆಳಗಿಟ್ಟು ನಕ್ಕರು. ನೀನಿದ್ದರೆ ನೀನೂ ನಗುತ್ತಿದ್ದೆ. ಆಮೇಲೆ ಅವಳೇ ಸೆರಗು ತಿರುವಿ ತೋರಿಸಿದಳು. ಗವಂತಿ ಹೊಲಿಗೆಯಲ್ಲಿ ಗಂಟಿಲ್ಲ. ಒಳಗೂ ಹೊರಗೂ ಆನೆ ಒಂದೇ. ಮನುಷ್ಯರನ್ನು ಹಾಗೆ ಹೊಲಿದವರು ಯಾರೂ ಇಲ್ಲ.

ಹೋದ ವಾರ ಸವದತ್ತಿಯಲ್ಲಿ ಗುರುಬಸವ್ವ ಎಂಬ ಮುದುಕಿ, ಮೊಮ್ಮಗಳ ನಿಶ್ಚಯಕ್ಕೆ ಬೀಗರು ಕಳಿಸಿದ ಚಂದ್ರಕಾಳಿ ಸೀರೆಯನ್ನು ನನ್ನ ಮುಂದೆ ಬಿಚ್ಚಿದಳು. ಕಪ್ಪು ಸೀರೆ, ಸೆರಗಿನ ತುದಿಯಲ್ಲಿ ಚಿಗರಿ ಜಿಂಕೆಗಳ ಸಾಲು. ಎಲ್ಲ ಮನೆಗಳ ಚಿಗರಿಯೂ ಮುಂದೆ ನೋಡುತ್ತದೆ. ಇವು ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದವು. ನಿನ್ನ ಲಗ್ನದ ಸೀರೆಗೆ ನೀನು ಎಳೆ ಎಣಿಸಿ ಹೊಲಿಯುವಾಗ ಅವ್ವ ಬೈದದ್ದು ನೆನಪಿದೆಯಲ್ಲ: "ಹಿಂದ ನೋಡೋ ಚಿಗರಿ ಗಂಡನ ಮನ್ಯಾಗ ನಿಲ್ಲೂದಿಲ್ಲ, ಬಿಚ್ಚ ಅದನ." ನೀನು ಬಿಚ್ಚಲಿಲ್ಲ. "ತವರ ನೋಡ್ಲಿ ಬಿಡಬೇ" ಎಂದದ್ದು ನೀನು. ಆ ಸೀರೆ ನಿನ್ನ ಪೆಟ್ಟಿಗೆಯಲ್ಲಿದೆ ಎಂದು ನೀನು ತಿಳಿದಿದ್ದೀ.

ಹೊಲಿದವರು ಯಾರು ಎಂದು ಮುದುಕಿಯನ್ನು ಕೇಳಿದೆ. "ರಾಮದುರ್ಗದಾಗ ನಮ್ಮ ಬೀಗತಿನೇ ಹೊಲಿದಾಳಂತ. ವರ ಮಹಾಂತಪ್ಪ, ಚಲೋ ಮನಿತನ. ಮದಲನೇದಾಕಿ ಮಕ್ಕಳಿಲ್ಲದ ಸತ್ತಳಂತ, ಪಾಪ" ಎಂದಳು. ನಿನ್ನ ಗಂಡನ ಹೆಸರು ಕೇಳಿ ನನ್ನ ಪೆನ್ಸಿಲು ಚಿಗರಿಯ ಕಾಲಿನ ಮೇಲೇ ನಿಂತಿತು. ಅವಳು ಸತ್ತಿಲ್ಲ, ನಾನು ಅವಳ ತಮ್ಮ ಎಂದೆ. ಮುದುಕಿ ಬಹಳ ಹೊತ್ತು ಸೀರೆಯ ಮಡಿಕೆ ಸರಿಮಾಡಿದಳು. ಕೊನೆಗೆ, "ಇದ್ರ ಇರ್ಲಿ ಬಿಡಪಾ. ದೊಡ್ಡ ಮನ್ಯಾಗ ಇಬ್ರು ಇರೂದಿಲ್ಲೇನು? ಊರಿಗೆಲ್ಲ ಹೇಳೇವಿ" ಎಂದಳು.

ಮನೆಗೆ ಬಂದು ಹೇಳಿದರೆ ಅಪ್ಪ, "ಆಕಿಗೆ ಬರೀಬ್ಯಾಡ. ಹೆಣ್ಮಗಳು ತಿರುಗಿ ಬಂದ್ರ ಮಾನ ಹೋಗತೈತಿ" ಎಂದ. ಸವದತ್ತಿಯವರಿಗೆ ನೀನು ಸತ್ತಿದ್ದರೂ ನಡೆಯುತ್ತದೆ, ಇದ್ದರೂ ನಡೆಯುತ್ತದೆ. ಅಪ್ಪನಿಗೆ ನೀನು ಇಲ್ಲಿ ಇರದಿದ್ದರೆ ಸಾಕು. ಅವ್ವ ಒಳಕೋಣೆಗೆ ಹೋಗಿ ಜೋಳದ ಚೀಲಗಳನ್ನು ಸರಿಸಿ ಒಬ್ಬರು ಮಲಗುವಷ್ಟು ಜಾಗ ಮಾಡಿದಳು.

ಮನೆಯ ಹಿರಿಯರಿಗೆಲ್ಲ ಶರಣು ಎಂದು ಬರೆಯುವುದು ಪದ್ಧತಿ. ಆ ಮನೆಯ ಹಿರಿಯರಿಗೆ ಬರೆಯಲು ಕೈ ಬರುತ್ತಿಲ್ಲ. ಶರಣು ನಿನಗೊಬ್ಬಳಿಗೇ.

ನಿನ್ನ ತಮ್ಮ,
ವೀರಪ್ಪ

ತಾ.ಕ.: ಮಹಾಂತಪ್ಪ ಮಾವನವರೇ, ಅಕ್ಕನಿಗೆ ಅಕ್ಷರ ಬಾರದು, ಪ್ರತಿ ಸಲದಂತೆ ಇದನ್ನೂ ಓದಿ ಹೇಳುವವರು ನೀವೇ. ಒಂದು ಸಾಲನ್ನೂ ಬಿಡದೆ ಓದಿರಿ. ಬಿಟ್ಟರೂ ಅಡ್ಡಿಯಿಲ್ಲ. ಕಾಗದ ತಂದ ಗಾಡಿಯ ಮಡಿವಾಳೆಪ್ಪ, ನಾನು ಬರೆದ ಚಿಗರಿಯನ್ನು ಮೊದಲು ಅವಳ ಕೈಗೇ ಕೊಟ್ಟು, ಅದನ್ನು ಯಾರ ಮನೆಯಲ್ಲಿ ನೋಡಿ ಬರೆದೆನೆಂದು ಬಾಯಿಂದ ಹೇಳಿರುತ್ತಾನೆ. ಅವನು ನಿಮ್ಮ ಬಾಗಿಲಲ್ಲೇ ಕಾಯುತ್ತಾನೆ. ಗಾಡಿಯ ನೊಗದ ಮೂಕಿಯನ್ನು ಬೈಲಹೊಂಗಲದ ಕಡೆಗೆ ತಿರುಗಿಸಿ ನಿಲ್ಲಿಸಲು ಹೇಳಿದ್ದೇನೆ.