ಬಾಟಲಿಯವನ ‘ನೋಡೋಣ’

ಖರೀದಿ ವಿಭಾಗ, ನೆಲಮಹಡಿ
ಗುರುವಾರ, ಬೆಳಗ್ಗೆ

ಪುಟ್ಟಿಗೆ ಅಕ್ಕನ ಆಶೀರ್ವಾದ. ಹಲ್ಲು ಕಚ್ಚಿಕೊಂಡೇ ಮಾಡುತ್ತಿದ್ದೇನೆ, ತೆಗೆದುಕೋ.

ಒಂದೇ ಕಟ್ಟಡದಲ್ಲಿ ಕೂತು ಕಾಗದ ಬರೆಯುವುದೇ ಅಂತ ನಗಬೇಡ. ನಿನ್ನ ಮುಖ ನೋಡಿಕೊಂಡು ಇದನ್ನು ಹೇಳಲಾರೆ. ನಿನ್ನ ನಾಲ್ಕನೇ ಮಹಡಿಗೆ ಹತ್ತಲು ಮಂಡಿನೋವು ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನಲ್ಲ, ಅದು ಸುಳ್ಳು. ಮಂಡಿ ಗಟ್ಟಿಮುಟ್ಟಾಗಿದೆ. ಹೊಟ್ಟೆಕಿಚ್ಚು ಕಣೇ, ಬೇರೇನಲ್ಲ.

ಇಪ್ಪತ್ತೆರಡು ವರ್ಷ ಈ ಸಿರಪ್ ಕಂಪನಿಗೆ ಬಾಟಲಿ, ಮುಚ್ಚಳ, ರಟ್ಟಿನ ಪೆಟ್ಟಿಗೆ ತರಿಸಿಕೊಟ್ಟವಳು ನಾನು. ನಿನ್ನನ್ನು ಇಲ್ಲಿಗೆ ಸೇರಿಸಿದವಳೂ ನಾನೇ. ಆರೇ ವರ್ಷಕ್ಕೆ ನೀನು ‘ಮುನ್ನೋಟ ವಿಭಾಗ’ದ ಮುಖ್ಯಸ್ಥೆ! ಗೋಡೆ ತುಂಬ ಬಗೆಬಗೆಯ ನಾಳೆಗಳು: ಸಕ್ಕರೆ ಸಿಗದ ನಾಳೆ, ಬಾಟಲಿ ಬರದ ನಾಳೆ, ಜನ ಸಿರಪ್ ಬಿಟ್ಟು ಮಾತ್ರೆ ಹಿಡಿಯುವ ನಾಳೆ. ಇದು ಭವಿಷ್ಯ ಹೇಳೋದಲ್ಲಕ್ಕ, ಯಾವ ನಾಳೆ ಬಂದ್ರೂ ಕೈಕಟ್ಟಿ ಕೂರಬಾರದು ಅಂತ ಇವತ್ತೇ ದಾರಿ ಮಾಡಿಟ್ಕೊಳ್ಳೋದು ಅಂತ ನೀನು ವಿವರಿಸಿದಾಗ ಬೇಕೆಂದೇ ಆಕಳಿಸಿದೆ. ನಿನಗೆ ‘ನಾಳೆಯಮ್ಮ’ ಅಂತ ಹೆಸರಿಟ್ಟದ್ದು ಲಾರಿ ಡ್ರೈವರುಗಳಲ್ಲ, ನಾನು.

ಕಣ್ಣಿಗೆ ಬಿದ್ದ ಸಣ್ಣ ಸುಳಿವನ್ನೂ ಹಳದಿ ಚೀಟಿಯಲ್ಲಿ ಬರೆದು ಆ ಗೋಡೆಗೆ ಅಂಟಿಸಿ ಅಂತ ನೀನು ಎಲ್ಲರನ್ನೂ ಕೇಳಿಕೊಂಡೆ. ಕ್ಯಾಂಟೀನಿನವನೂ ಅಂಟಿಸಿದ. ನಾನು ಮಾತ್ರ ಇಲ್ಲ. ನನ್ನ ಹತ್ತಿರ ಎಲ್ಲರಿಗಿಂತ ದೊಡ್ಡ ಸುಳಿವಿತ್ತು.

ನಮ್ಮ ಬಾಟಲಿಯವನು ಗೊತ್ತಲ್ಲ. ಲೋಡ್ ಯಾವಾಗಪ್ಪಾ ಅಂದರೆ ‘ನಾಳೆ ಬರತ್ತೆ ಮೇಡಂ’ ಅನ್ನುತ್ತಾನೆ, ಮೂರನೇ ದಿನಕ್ಕೆ ಕಳಿಸುತ್ತಾನೆ. ಅವನನ್ನು ಬೈಯದೆ ನನಗೆ ಮಧ್ಯಾಹ್ನದ ತುತ್ತು ಇಳಿಯುತ್ತಿರಲಿಲ್ಲ. ನೀನು ಎದುರಿಗೆ ಡಬ್ಬಿ ಬಿಚ್ಚಿಕೊಂಡು ನಗುತ್ತಿದ್ದೆ. ಒಂದು ತಿಂಗಳ ಹಿಂದೆ ಅವನು ‘ನೋಡೋಣ ಮೇಡಂ’ ಅಂದ. ಮರುವಾರವೂ ‘ನೋಡೋಣ’. ನಮ್ಮವರ ಬಾಯಲ್ಲಿ ನೋಡೋಣ ಅಂದರೆ ಇಲ್ಲ ಅಂತಲೇ. ಮನೆಗೆ ಬನ್ನಿ ಅಂದವರಿಗೂ ನಾವು ಹೇಳುವುದು ಅದನ್ನೇ ತಾನೆ? ಬಾಟಲಿ ಮಾಡುವ ಅವನ ಹಳೇ ಗಾಜಿನ ಕುಲುಮೆ ಕೈಕೊಡುತ್ತಿದೆ ಅಂತ ನನಗೆ ಆಗಲೇ ತಿಳಿಯಿತು.

ಹೇಳಲಿಲ್ಲ. ನಿನ್ನ ವಿಭಾಗ ಇರಬೇಕೋ ಮುಚ್ಚಬೇಕೋ ಅಂತ ದೊಡ್ಡ ಸಾಹೇಬರು ಈ ವಾರ ತೀರ್ಮಾನಿಸುವವರಿದ್ದರು. ಅಷ್ಟರೊಳಗೆ ಬಾಟಲಿ ನಿಲ್ಲಲಿ, ನಾಳೆಯಮ್ಮನಿಗೆ ಕಾಲ ಬುಡದಲ್ಲಿದ್ದದ್ದೇ ಕಾಣಲಿಲ್ಲ ಅಂತ ಜನ ನಗಲಿ ಅಂತ ಕಾದೆ. ಒಡಹುಟ್ಟಿದವಳು ನಾನು. ಥೂ!

ನಿನ್ನೆ ಕುಲುಮೆ ಆರಿತು. ಸಭೆಯಲ್ಲಿ ಸಾಹೇಬರು ಕೂಗಾಡುವ ಮೊದಲೇ ನೀನು ಎದ್ದು, ಇನ್ನೊಂದು ಕಾರ್ಖಾನೆಯ ಬಾಟಲಿಯನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ್ದೇನೆ, ನೀವು ಸಹಿ ಹಾಕಿದರೆ ಸೋಮವಾರ ಲಾರಿ ಬರುತ್ತದೆ ಎಂದೆ. ನಿನ್ನ ವಿಭಾಗ ಉಳಿಯಿತು. ಮೊದಲೇ ಹೇಗೆ ಗೊತ್ತಾಯಿತು ಎಂದು ಅವರು ಕೇಳಿದ್ದಕ್ಕೆ ‘ಎಲ್ಲಾ ನಮ್ಮಕ್ಕ ಕೊಟ್ಟ ಸುಳಿವು ಸಾರ್’ ಅಂದುಬಿಟ್ಟೆ. ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು.

ಯಾವ ಸುಳಿವೇ? ನಾನು ತುಟಿಪಿಟಕ್ಕೆಂದಿಲ್ಲ. ಬುದ್ಧಿಯಲ್ಲಿ ನನ್ನನ್ನು ಹಿಂದೆ ಹಾಕಿದ್ದು ಸಾಲದೆ ದೊಡ್ಡತನದಲ್ಲೂ ಹಾಕಬೇಕಿತ್ತೇ? ನಿನ್ನ ಭಿಕ್ಷೆಯ ಚಪ್ಪಾಳೆ ನನಗೆ ಬೇಡ. ಸಾಹೇಬರಿಗೆ ನಿಜವನ್ನು ನಾನೇ ಹೇಳುತ್ತೇನೆ. ಇನ್ನು ಡಬ್ಬಿ ಹಿಡಿದು ನನ್ನ ಮೇಜಿಗೆ ಬರಬೇಡ.

ಇಂತಿ,
ನಿನ್ನ ಅಕ್ಕ ಅನ್ನಿಸಿಕೊಂಡವಳು

ತಾ.ಕ.: ಇದನ್ನು ನಿನ್ನ ಮೇಜಿನ ಮೇಲಿಡಲು ನಾಲ್ಕು ಮಹಡಿ ಹತ್ತಿ ಬಂದೆ. ನೀನಿರಲಿಲ್ಲ. ‘ಬಾಟಲಿ ಬರದ ನಾಳೆ’ಯ ಕೆಳಗೆ ನಿನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರದ ಚೀಟಿ ಕಂಡಿತು, ಎರಡು ವಾರದ ಹಿಂದಿನ ತಾರೀಖು: ‘ಅಕ್ಕ ಈಗೀಗ ಊಟದ ಹೊತ್ತಲ್ಲಿ ಬಾಟಲಿಯವನನ್ನು ಬೈಯುತ್ತಿಲ್ಲ. ಏನೋ ಆಗಿದೆ.’ ಅಲ್ಲೇ ನಿನ್ನ ಕುರ್ಚಿಯಲ್ಲಿ ಕೂತುಬಿಟ್ಟೆ. ಪಕ್ಕದಲ್ಲಿ ನನ್ನದೂ ಒಂದು ಚೀಟಿ ಅಂಟಿಸಿದ್ದೇನೆ, ನೋಡು: ‘ಮುಚ್ಚಳದವನೂ ಈ ವಾರ ನೋಡೋಣ ಅಂದ.’ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ, ಸುಳ್ಳು ಹೇಳಲಾರೆ. ಆದರೂ ಡಬ್ಬಿಯ ಮಾತು ಹೊಡೆದುಹಾಕು. ಮಧ್ಯಾಹ್ನ ಊಟಕ್ಕೆ ಕೆಳಗೆ ಬಾ. ನೋಡೋಣ ಅನ್ನಬೇಡ.