ತೊಟ್ಟಿಲು ರಾಯಚೂರಿಗೆ ಬಂದಿದೆ

ರಾಯಚೂರು
೧೨-೧೧-೨೦೨೪, ಮಂಗಳವಾರ

ಹೆರಿಗೆ ವಾರ್ಡಿನ ಹನ್ನೊಂದನೇ ಮಂಚದ ಒಡತಿಯಾದ ಶಶಿಕಲಾ ಅಕ್ಕನ ಪಾದಗಳಿಗೆ (ಅವು ಈಗ ನಿನಗೇ ಕಾಣುತ್ತಿಲ್ಲವಾದರೂ) ತಮ್ಮ ಅಂಬರೀಶನ ಸಾಷ್ಟಾಂಗ ನಮಸ್ಕಾರ.

ಗಂಡಸರನ್ನು ವಾರ್ಡಿನೊಳಗೆ ಬಿಡುವುದಿಲ್ಲ. ನಿನ್ನ ಫೋನು ಅಜ್ಜಿ ಪಾರ್ವತೆಮ್ಮನ ಸೊಂಟದ ಚೀಲ ಸೇರಿದೆ. ಅದರ ಬೆಳಕು ಕೂಸಿಗೆ ಆಗಿಬರುವುದಿಲ್ಲವಂತೆ. ಆದ್ದರಿಂದ ಈ ರಾಜಪತ್ರವನ್ನು ಟಿಫಿನ್ ಡಬ್ಬಿಯಲ್ಲಿ ರೊಟ್ಟಿಯ ಕೆಳಗೆ ಇಟ್ಟು ಕಳಿಸುತ್ತಿದ್ದೇನೆ. ಅಜ್ಜಿಗೆ ಓದಲು ಬಾರದು, ಆದರೂ ಮರೆಮಾಡಿಕೊಂಡು ಓದು.

ಮೊದಲು ತಪ್ಪೊಪ್ಪಿಗೆ. ಕುಬಸದ ದಿನ, ಉಡಿ ತುಂಬುವ ಮೊದಲು, ನಿನ್ನ ಹೊಟ್ಟೆಗೆ ನೂಲು ಸುತ್ತಿ ಅಳೆದು, ನ್ಯಾಯಾಧೀಶನಂತೆ ಕೆಮ್ಮಿ, ಅವಳಿ ಕೂಸುಗಳೆಂದು ತೀರ್ಪು ಕೊಟ್ಟವನು ನಾನು. ನಗಿಸಲಿಕ್ಕೆ ಹೇಳಿದ್ದು. ಅಜ್ಜಿ ಮರುದಿನವೇ ಎರಡು ಪುಟ್ಟ ತಲೆಗಳಿಗೆ ಎರಡು ಕುಲಾಯಿ ಹೊಲಿಯಲು ಕೂತಳು. ಆಮೇಲೆ ನಿನಗೆ ಉಸಿರಾಡಲು ಕಷ್ಟವಾಗಿ ಗೋಡೆಗೆ ಒರಗಿಯೇ ಮಲಗತೊಡಗಿದಾಗ, ಆಶಾ ಕಾರ್ಯಕರ್ತೆ ಉಮಾದೇವಿ ಸ್ಕ್ಯಾನ್ ಮಾಡಸ್ರಿ ಎಂದು ಎರಡು ಸಲ ಮನೆಗೆ ಬಂದಳು. ಎರಡು ಅದಾವ, ಹೊಟ್ಟಿ ದೊಡ್ಡದಿರದ ಸಣ್ಣದಿರತದೇನು ಎಂದು ಅಜ್ಜಿ ವಾಪಸ್ ಕಳಿಸಿದಳು. ನಾನು ಅಲ್ಲೇ ಮಿರ್ಚಿ ಭಜಿ ತಿನ್ನುತ್ತ ಕೂತಿದ್ದೆ. ಬಾಯಿ ಬಿಡಲಿಲ್ಲ. ಹಾಗೇ ಮೂರು ವಾರ ಹೋಯಿತು. ಕೊನೆಗೆ ಉಸಿರು ತೀರಾ ಸಾಲದಾಗಿ ನಿನ್ನನ್ನು ಇಲ್ಲಿಗೆ ತಂದಾಗ ಸ್ಕ್ಯಾನಿನಲ್ಲಿ ಕಂಡದ್ದು ಒಂದೇ ಕೂಸು. ಅದರ ಸುತ್ತ ಇರಬೇಕಾದ್ದಕ್ಕಿಂತ ಬಹಳ ನೀರು.

ಈಗ ಅಜ್ಜಿ ಆ ನೀರು ಇಳಿಸಲೆಂದು ನಿನ್ನ ತಂಬಿಗೆಯನ್ನೇ ಬಚ್ಚಿಟ್ಟಿದ್ದಾಳಂತೆ. ನರ್ಸ್ ಗುಲ್ಫಶಾ ಮೇಡಂ ಗೇಟಿನಲ್ಲಿ ಸಿಕ್ಕಿದ್ದರು. ಕುಡಿಯೋದು ಬಿಟ್ರ ಅದು ಕಮ್ಮಿ ಆಗಂಗಿಲ್ಲ, ನಿಮ್ಮಕ್ಕಗ ತಲಿ ತಿರಗತದ ಅಷ್ಟ ಎಂದು ನನ್ನನ್ನೇ ಬೈದರು. ಡಬ್ಬಿಯ ಜೊತೆ ಒಂದು ಬಾಟಲಿ ಬಂದಿದೆ. ದೊಡ್ಡ ಡಾಕ್ಟರು ಕೊಟ್ಟ ಔಷಧವೆಂದು ಅಜ್ಜಿಗೆ ಹೇಳಿಕಳಿಸಿದ್ದೇನೆ. ಬರೀ ನೀರು. ಮುಖ ಕಿವುಚಿಕೊಂಡು ಕುಡಿ.

ಮೇಡಂ ಇನ್ನೊಂದು ಮಾತು ಹೇಳಿದರು. ಅದರಲ್ಲಿ ನಗು ಹುಡುಕಿ ಸೋತೆ. ನೀರು ಇಷ್ಟು ಹೆಚ್ಚಿದ್ದರೆ ದಿನ ತುಂಬುವ ಮೊದಲೇ ನೋವು ಬರಬಹುದಂತೆ. ನೀರು ಒಮ್ಮೆಲೇ ಒಡೆದರೆ ಕೂಸಿಗಿಂತ ಮೊದಲು ಹೊಕ್ಕುಳಬಳ್ಳಿ ಜಾರಿ ಬರಬಹುದಂತೆ. ಆಗ ಡಾಕ್ಟರು ಅಲ್ಲೇ ಪಕ್ಕದಲ್ಲಿರಬೇಕು. ಆಸ್ಪತ್ರೆಯಲ್ಲೇ ಇದ್ದರೆ ಹೆಚ್ಚಿನವರು ಕೂಸು ಎತ್ತಿಕೊಂಡೇ ಮನೆಗೆ ಹೋಗತಾರ, ಅಂಜಬ್ಯಾಡ ಅಂದರು. ಆದರೆ ಅಜ್ಜಿ ನಾಳೆ ಮುಂಜಾನೆಗೆ ಜೀಪು ಹೇಳಿದ್ದಾಳೆ. ಚೊಚ್ಚಲ ಹೆರಿಗೆ ದೇವದುರ್ಗದ ತವರಲ್ಲೇ ಆಗಬೇಕು, ನಾವೆಲ್ಲ ಮಲಗಿದ ತೊಟ್ಟಿಲಲ್ಲೇ ಕೂಸು ಮಲಗಬೇಕು ಎಂಬುದು ಅವಳ ಹಟ. ನಿನ್ನ ಗಂಡ ಶೇಖರ ಮಾವ ಬಾಗಲವಾಡದಿಂದ, ತವರಿನವರು ಅಂದಂಗ ಆಗಲಿ ಎಂದು ಫೋನ್ ಇಟ್ಟುಬಿಟ್ಟ. ದಾರಿಯ ನಡುವೆ ನೀರು ಒಡೆದರೆ ಯಾವ ತವರು, ಅಕ್ಕಾ?

ಅದಕ್ಕೇ ತೊಟ್ಟಿಲನ್ನು ಕದ್ದೆ. ಅವ್ವನಿಗೂ ಸುಳಿವು ಕೊಡಲಿಲ್ಲ. ಬಸ್ಸಿನ ಹಿಂದಿನ ಸೀಟಿನ ಮೇಲೆ ಇಟ್ಟು ತಂದೆ. ಕಂಡಕ್ಟರ್ ಒಳಗೆ ಬಗ್ಗಿ ನೋಡಿ, ಕೂಸೆಲ್ಲಿ ಲೇ ಎಂದು ಕೇಳಿದ. ಇನ್ನೂ ಹುಟ್ಟಿಲ್ರೀ, ಸೀಟು ಹಿಡಿಯಾಕ ಬಂದೀನಿ ಎಂದೆ. ಈಗ ಅದು ಆಸ್ಪತ್ರೆಯ ಹಿಂದಿನ ಓಣಿಯಲ್ಲಿ, ಪೀರಾ ಸಾಬ್ ಅವರ ಬಾಡಿಗೆ ಕೋಣೆಯಲ್ಲಿ ತೂಗುತ್ತಿದೆ. ತೊಟ್ಟಿಲು ಇದ್ದಲ್ಲೇ ತವರು ಎಂಬುದು ನನ್ನ ಹೊಸ ತೀರ್ಪು. ನಾಳೆ ಅಜ್ಜಿ ಏಳು ಅಂದರೆ ಏಳಬೇಡ. ಒಲ್ಲೆ ಅನ್ನು. ಹಿಂದಿನ ತೀರ್ಪನ್ನು ಮನೆಮಂದಿಯೆಲ್ಲ ನಂಬಿದಿರಿ. ಇದನ್ನು ನೀನೊಬ್ಬಳು ನಂಬಿದರೆ ಸಾಕು.

ಇನ್ನೆಂದೂ ನೂಲು ಮುಟ್ಟದ ನಿನ್ನ ತಮ್ಮ,
ಅಂಬರೀಶ

ತಾ.ಕ.: ಆ ತೊಟ್ಟಿಲು ಸಾಗುವಾನಿಯದು, ಒಬ್ಬನಿಂದ ಎತ್ತಲಾಗುವುದಿಲ್ಲವೆಂದು ನಿನಗೂ ಗೊತ್ತು. ಇನ್ನೊಂದು ತುದಿ ಹಿಡಿದವಳು ಅವ್ವ. ರೊಟ್ಟಿಯೂ ಅವಳದೇ. ಅತ್ತೆಯ ಎದುರು ಮಾತಾಡಲು ಇಪ್ಪತ್ತೈದು ವರ್ಷದಿಂದ ಅವಳಿಗೆ ಬಾಯಿ ಬಂದಿಲ್ಲ. ನಾಳೆ ನೀನು ಒಲ್ಲೆ ಅಂದ ಕೂಡಲೇ ಅಜ್ಜಿಗೆ ಕೇಳುವಂತೆ ನಿನ್ನನ್ನು ಜೋರಾಗಿ ಬೈಯುತ್ತಾಳೆ. ಆ ಬೈಗುಳವನ್ನೆಲ್ಲ ಬಸ್ಸಿನಲ್ಲಿ ಇಬ್ಬರೂ ಕೂಡಿ ಬಾಯಿಪಾಠ ಮಾಡಿದ್ದೇವೆ. ನಗಬೇಡ.