ಕೆಂಪು ದಂಟಿನ ಪುದೀನ

ಲಚ್ಯಾಣ, ತಾಲೂಕಾ ಇಂಡಿ
ತಾ. ೨೦-೯-೧೯೫೮

ಪ್ರೀತಿಯ ಜನ್ನತಬಿಗೆ ನಿನ್ನ ಬಾಬುಲಾಲನ ಸಲಾಮು.

ಮೈಯಲ್ಲಿ ಆರಾಮ ಇದ್ದೀಯಾ? ಮಾವನವರ ಕೆಮ್ಮು ಕಡಿಮೆ ಆಯಿತೇ? ನಮ್ಮ ಕ್ಷೇಮ ಏನಂತ ಬರೆಯಲಿ! ಅವ್ವ ಒಲೆ ಮುಟ್ಟಲೊಲ್ಲಳು, ಹಗಲೆಲ್ಲ ಹೊಲಿಗೆ ಮಷಿನ್ನು ತುಳಿದು ಬಂದು ನಾನೇ ಒಲೆ ಊದುತ್ತೇನೆ. ನಾನು ಬಡಿದ ರೊಟ್ಟಿಯನ್ನು ಅವ್ವ ಎಮ್ಮೆಗೆ ಹಾಕಿದಳು, ಎಮ್ಮೆಯೂ ಮುಖ ತಿರುಗಿಸಿತು. ನಗಬೇಡ, ಸಾಕಾಗಿ ಹೋಗಿದೆ ನನಗೆ. ನೀನು ಬರುತ್ತೀಯೋ ಇಲ್ಲವೋ, ಅದಾದರೂ ತಿಳಿದರೆ ಒಂದಿಷ್ಟು ನಿದ್ದೆ ಹತ್ತೀತು.

ಮೊಹರಮ್ಮಿನ ಅಲಾಯಿ ಹಬ್ಬದ ದಿನ ಆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಶರಬತ್ತಿಗೆಂದು ನೀನು ಹಳ್ಳದಿಂದ ತಂದ ಪುದೀನವನ್ನು ಅವ್ವ ಓಣಿಯವರ ಎದುರಿಗೇ ತಿಪ್ಪೆಗೆ ಚೆಲ್ಲಿ, “ಹಳ್ಳದ ಪುದೀನಾದ ದಂಟು ಕೆಂಪು ಇರ್ತೈತಿ. ಹಸರು ದಂಟಿನ ಕಸ ಕಿತ್ಕೊಂಡು ಬಂದಾಳ ನೋಡ್ರಿ” ಅಂದಳಲ್ಲ. ನೀನು ಮರುದಿನವೇ ತವರಿಗೆಂದು ಕೊಲ್ಹಾರದ ಬಸ್ಸು ಹತ್ತಿದೆ.

ಮೊನ್ನೆ ತಡೆಯಲಾರದೆ ನಾನೇ ಹಳ್ಳಕ್ಕೆ ಇಳಿದೆ. ಜಾಲಿಯ ನೆರಳಲ್ಲಿ ಹಸಿರು ದಂಟಿನದಿತ್ತು, ಬಿಸಿಲು ಬೀಳುವಲ್ಲಿ ಕೆಂಪು ದಂಟಿನದು. ಎಳೆದು ನೋಡಿದರೆ ಬೇರು ಒಂದೇ! ಎರಡಕ್ಕೂ ನಾಲ್ಕು ಮೂಲೆಯ ದಂಟು, ಎದುರುಬದುರು ಎಲೆ, ಗೆಣ್ಣಿನ ಸುತ್ತ ನಸುನೀಲಿ ಹೂವು. ತಿಕ್ಕಿದರೆ ಒಂದೇ ಘಮ. ಪಕ್ಕದಲ್ಲಿ ಇನ್ನೊಂದು ಕೆಂಪು ದಂಟಿನ ಕಸವೂ ಇತ್ತು, ಅದಕ್ಕೆ ವಾಸನೆಯೇ ಇಲ್ಲ. ಮೂರನ್ನೂ ಅವ್ವನ ಮುಂದಿಟ್ಟೆ. ಕಸವನ್ನೇ ಎತ್ತಿ, “ಇದು ನೋಡು ಖರೇ ಪುದೀನಾ” ಅಂದಳು. ಅದನ್ನೇ ತಿಕ್ಕಿ ಅವಳ ಮೂಗಿಗೆ ಹಿಡಿದೆ. ನನ್ನ ಕೈ ಸರಿಸಿದಳು. ಆಮೇಲೆ, “ಹೋದ ವರ್ಷ ಆ ಜ್ವರ ಬಂದು ಹೋದಾಗಿಂದ ನನಗ ಯಾವ ವಾಸನಿನೂ ತಿಳೀವಲ್ದೋ ಬಾಬು. ಯಾರ ಮುಂದೂ ಹೇಳಬ್ಯಾಡ” ಅಂದಳು. ಊರಿನ ಮದುವೆಗಳಲ್ಲಿ ಮಸಾಲೆಯ ಹದ ನೋಡಲು ಕರೆಯುವುದು ಅವಳನ್ನೇ ಅಲ್ಲವೇ, ಆ ಮಾನ ಹೋಗುತ್ತದೆ ಎಂಬ ಹೆದರಿಕೆ. ಬೈಯಬೇಕೆಂದು ಹೋದವನಿಗೆ ಅಳು ಬಂತು, ಜನ್ನತ.

ಮಾವನವರಿಗೂ ಅತ್ತೆಯವರಿಗೂ ನನ್ನ ಸಲಾಮು ಮುಟ್ಟಿಸು. ಅಲ್ಲಾಹ್ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ದಾರಿ ಕಾಯುವ,
ಬಾಬುಲಾಲ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಗುರುವಾರ ಅವ್ವನೇ ನಿನ್ನನ್ನು ಕರೆಯಲು ಬರುತ್ತಾಳೆ. ಹಳ್ಳದಿಂದ ಒಂದು ಹಿಡಿ ತಾನೇ ಕಿತ್ತು ತರುತ್ತಾಳಂತೆ, ನಾನು ಆರಿಸಿಕೊಡುತ್ತೇನೆ ಅಂದರೆ ಕೇಳಲೊಲ್ಲಳು. ನಿನ್ನ ಕೈಗೆ ಕೊಟ್ಟು, “ಇದು ಪುದೀನಾ ಹೌದಿಲ್ಲೋ ನೋಡವಾ” ಅನ್ನುತ್ತಾಳೆ. ತಪ್ಪಾಯಿತು ಎಂದು ಹೇಳಲು ಅವಳಿಗೆ ಬಾರದು, ಅವಳು ಕ್ಷಮೆ ಕೇಳುವುದು ಹಾಗೆಯೇ. ಮೂಗಿನ ಸಂಗತಿ ನಿನಗೆ ಗೊತ್ತೆಂದು ತೋರಿಸಬೇಡ. ಮೂಸಿ ನೋಡಿ, ಹೌದು ಅಂದುಬಿಡು. ಕಸವೇ ಆಗಿದ್ದರೂ.